ನಮ್ಮ ಮನೆಯ ಚಕ್ಕೆ

ನಾನು ಚಿಕ್ಕವನಿದ್ದಾಗ ನಮಗೆ ಬಾಡೂಟ ಎಂದರೆ ಬೇರೆಯವರ ಮನೆಯ ಊಟ. ರಾಜಾಜಿನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಮೇಲಿನ ಮಹಡಿಯಲ್ಲಿದ್ದರು, ಮಾಂಸ ಮುಟ್ಟದವರು. ಇಲ್ಲಿ ಅದನ್ನು ಬೇಯಿಸುವುದಿಲ್ಲ ಎಂದು ಅಪ್ಪ ಅವರಿಗೆ ಮಾತು ಕೊಟ್ಟಿದ್ದರು. ಹಬ್ಬ ಬಂದರೆ ಸುಂಕದಕಟ್ಟೆಯ ಅತ್ತೆಯ ಮನೆಗೆ ಹೋಗಿ ಉಂಡು ಬರುತ್ತಿದ್ದೆವು. ಅಪ್ಪ ಒಮ್ಮೆಯೂ ಮಾತು ತಪ್ಪಲಿಲ್ಲ, ಮಕ್ಕಳೇ.

ಅಮ್ಮ ತೀರಿಕೊಂಡಿದ್ದರಿಂದ ಅಡುಗೆಯೆಲ್ಲ ಅಕ್ಕನದೇ. ಹೈಸ್ಕೂಲಿನ ಟೀಚರೊಬ್ಬರು ಅವಳಿಗೆ ಚಕ್ಕೆ ಹಾಕಿದ ಸಿಹಿ ಬನ್ನು ಮಾಡುವುದನ್ನು ಹೇಳಿಕೊಟ್ಟಿದ್ದರು. ನನ್ನ ಹುಟ್ಟುಹಬ್ಬಕ್ಕೆ ಅದನ್ನು ಮಾಡಿಯೇ ತೀರುತ್ತೇನೆಂದು ಹಟ ಹಿಡಿದಳು. ಬೇಕರಿಯಿಂದ ಈಸ್ಟ್ ಕೇಳಿ ತಂದಳು. ಒದ್ದೆ ಬಟ್ಟೆಯಡಿ ಮೈದಾಹಿಟ್ಟು ಉಬ್ಬಿದಾಗ, “ನಿನ್ನ ಕೆನ್ನೆ ಥರಾನೇ ಇದೆ ಕಣೋ” ಎಂದು ನನ್ನನ್ನು ಚಿವುಟಿದಳು. ಹಿಟ್ಟನ್ನು ಲಟ್ಟಿಸಿ, ಬೆಣ್ಣೆ ಸವರಿ, ಬೆಲ್ಲ ಮತ್ತು ಕುಟ್ಟಿದ ಚಕ್ಕೆಪುಡಿ ಉದುರಿಸಿ, ಚಾಪೆಯಂತೆ ಸುತ್ತಿ, ದಾರದಿಂದ ತುಂಡು ಮಾಡಿದಳು. ನಮಗೆಲ್ಲಿಯ ಓವನ್? ದಪ್ಪ ಪಾತ್ರೆಗೆ ಮರಳು ಹಾಕಿ, ಒಳಗೆ ತಟ್ಟೆಯಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸಿದಳು. ಬೆಲ್ಲ ಕರಗಿ ಘಮ ಎದ್ದಾಗ ನನ್ನ ಬಾಯಲ್ಲಿ ನೀರೂರಿತು.

ಆ ಘಮ ಮಹಡಿಯನ್ನೂ ಹತ್ತಿತು. ಮಾಲೀಕರ ಹೆಂಡತಿ ಮೂಗಿಗೆ ಸೆರಗು ಹಿಡಿದು ಇಳಿದು ಬಂದರು.

“ಮಾಂಸದ ಮಸಾಲೆ ವಾಸನೆ ನಮ್ಮ ದೇವರಮನೆವರೆಗೂ ಬರ್ತಿದೆ. ಏನೇ ಬೇಯಿಸ್ತಿದೀಯ?”

“ಇಲ್ಲಮ್ಮಾ, ಸಿಹಿ ಬನ್ನು. ತಮ್ಮನ ಹುಟ್ಟುಹಬ್ಬ. ನೀವೇ ನೋಡಿ,” ಎಂದು ಅಕ್ಕ ಮುಚ್ಚಳ ತೆಗೆದಳು.

ಅವರು ಬಗ್ಗಿ ನೋಡಲೂ ಇಲ್ಲ, ಮನೆ ಖಾಲಿ ಮಾಡಿ ಎಂದು ಹೇಳಿ ಮೇಲೆ ಹತ್ತಿದರು. ಅವರ ಮನೆಯ ಬಿಸಿಬೇಳೆ ಬಾತಿಗೂ ಚಕ್ಕೆ ಬೀಳುತ್ತಿತ್ತು. ನಮ್ಮ ಮನೆಯ ಚಕ್ಕೆ ಮಾತ್ರ ಮಾಂಸವಾಯಿತು.

ಸಂಜೆ ಕೆಲಸದಿಂದ ಬಂದ ಅಪ್ಪ ಒಂದು ಬನ್ನು ಹಿಡಿದು ಮೇಲೆ ಹೋದರು. “ಮಗಳ ಓದು ಮುಗಿಯೋವರೆಗಾದ್ರೂ ಇರೋಕೆ ಬಿಡಿ ಸ್ವಾಮಿ” ಎಂದು ಅಂಗಲಾಚುವುದು ಕೆಳಗೆ ನಮಗೆ ಕೇಳಿಸಿತು. “ಬೇರೆ ಮನೆ ನೋಡ್ಕೊಳ್ಳಿ” ಎಂದರು ಮಾಲೀಕರು. ಇಳಿದು ಬಂದ ಅಪ್ಪ ತಮ್ಮ ಸಿಟ್ಟನ್ನೆಲ್ಲ ಅಕ್ಕನ ಮೇಲೆ ತೀರಿಸಿಕೊಂಡರು. ಬನ್ನುಗಳನ್ನು ಯಾರೂ ತಿನ್ನಲಿಲ್ಲ.

ನಾವು ಕೆಂಗೇರಿಗೆ ಹೋದೆವು. ಅಲ್ಲಿಂದ ಹೈಸ್ಕೂಲು ದೂರವಾಯಿತು, ಅಕ್ಕನ ಓದು ಅಲ್ಲಿಗೇ ನಿಂತಿತು. ಕ್ಷಮಿಸುವುದು ದೊಡ್ಡತನ ಎಂದು ನಿಮ್ಮ ಪಾಠದಲ್ಲಿರಬಹುದು. ನನಗೆ ಆ ದೊಡ್ಡತನ ಇನ್ನೂ ಬಂದಿಲ್ಲ.

ಈಗ ಬಸವೇಶ್ವರನಗರದಲ್ಲಿ ನಮ್ಮದೇ ಮನೆಯಿದೆ. ನೀವು ಫೋನಿನಲ್ಲಿ ನೋಡಿಕೊಂಡು, ಓವನ್ನಿನಲ್ಲಿ ಅದೇ ಬನ್ನು ಮಾಡಿ ಸಿನಮನ್ ರೋಲ್ ಅನ್ನುತ್ತೀರಿ. ಪಕ್ಕದ ಮನೆಯ ಆಂಟಿ ಘಮಕ್ಕೆ ಬಂದು ಕೇಳಿ ತಿನ್ನುತ್ತಾರೆ. ಮೊನ್ನೆ ನೀವು ಮಾಡುವಾಗ ನನ್ನ ಅಕ್ಕ ಇಲ್ಲಿದ್ದಳಲ್ಲ. ಘಮ ಏಳುತ್ತಿದ್ದಂತೆ ಕೋಲೂರಿಕೊಂಡು ಎದ್ದು, ಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದಳು. “ಯಾಕಜ್ಜಿ, ಸೆಕೆ ಆಗಲ್ವಾ?” ಎಂದು ನೀವು ನಕ್ಕಿರಿ. ಅವಳು ಕೊನೆಯ ಕಿಟಕಿಯ ಚಿಲಕವನ್ನೂ ಹಾಕಿದಳು. ಅವಳ ಬದಲು ಉತ್ತರ ನಾನು ಹೇಳಿದೆ.