ಸಂಗವ್ವ ನನಗೆ ಹೇಳಿದ್ದಳು

ಸಂಗವ್ವಾ, ನಿನ್ನ ತಲೆಯಲ್ಲಿ ಇನ್ನೂ ಸಾಯುವ ವಿಚಾರವೇ ಇತ್ತು ಎಂಬುದು ನನಗೆ ಗೊತ್ತಿತ್ತು. ಡಾಕ್ಟರರಿಗೆ ಹೇಳಲಿಲ್ಲ — ಮರೆತಲ್ಲ, ಬೇಕೆಂದೇ.

ಅರವತ್ತರ ದಶಕದ ಮೊದಲ ವರ್ಷಗಳು. ಸಿಂದಗಿ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸು, ಗಂಡ ಸತ್ತವಳು. ಸಾಯಲು ಹೋಗಿದ್ದ ನಿನ್ನ ಜೀವ ಉಳಿಸಿದ ಡಾಕ್ಟರರು ನನ್ನನ್ನು ಕರೆದು, "ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ ನರ್ಸಬಾಯಿ. ಬೈಬ್ಯಾಡ್ರಿ. ಏನಂದ್ರೂ ನನಗ ಬಂದು ಹೇಳ್ರಿ. ಆ ವಿಚಾರ ಇನ್ನೂ ಇದ್ರ ಧಾರವಾಡಕ್ಕ ಕಳಸೂಣು," ಎಂದಿದ್ದರು. ಮನೋರೋಗಿಗಳ ದವಾಖಾನೆ ಇದ್ದದ್ದು ಅಲ್ಲಿ. ಕೈಯ ಗಾಜಿನ ಬಳೆ ತೆಗೆದಿಡಿ ಎಂದೂ ಹೇಳಿದ್ದರು. ಅಂಥ ರೋಗಿಯ ಹತ್ತಿರ ಗಾಜು ಇರಕೂಡದು.

ತೆಗೆಯುತ್ತಿದ್ದೆ. ನಿನ್ನ ಅತ್ತೆ ವಾರ್ಡೆಲ್ಲ ಕೇಳುವಂತೆ ಕಿರುಚಿದಳು: "ನನ್ನ ಮಗ ಗುಂಡಕಲ್ಲಿನಂಗ ಅದಾನ! ಈ ಗಂಡ ಸತ್ತ ರಂಡಿ ಕೈಲೆ ನನ್ನ ಸೊಸಿ ಬಳಿ ತಗಸ್ತೀರೇನು?"

ನೀನು ಗೋಡೆ ನೋಡುತ್ತ ಮಲಗಿದ್ದೆ. ನನಗೆ ಅತ್ತೆಗಿಂತ ನಿನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಗಂಡ, ಮನೆ, ಕೈತುಂಬ ಬಳೆ — ಎಲ್ಲ ಇದ್ದವಳಿಗೆ ಎಂಥ ಸೊಕ್ಕು! ಹಾಗಂದುಕೊಂಡೆ. ನಿನಗೆ ಏನಾಗಿತ್ತೆಂದು ಕೇಳಲೂ ಇಲ್ಲ.

ಅತ್ತೆ ಹೊರಗೆ ಹೋದಾಗ ನೀನೇ ನನ್ನ ಸೆರಗು ಹಿಡಿದೆ. "ಬಾಯಾರ, ಆ ವಿಚಾರ ಹೋಗವಲ್ದ್ರಿ. ನನ್ನ ಮನಿಗಿ ಕಳಸಬ್ಯಾಡ್ರಿ."

"ಸಾಯಾವ್ರು ಹೇಳಿ ಸಾಯೂದಿಲ್ಲ. ನಿನ್ನ ನಾಟಕ ಸಾಕು," ಎಂದು ಸೆರಗು ಕಿತ್ತುಕೊಂಡೆ. ನೀನು ಮತ್ತೆ ಕರೆಯಲಿಲ್ಲ.

ಬೆಳಿಗ್ಗೆ ಡಾಕ್ಟರರು, ಏನಾದರೂ ಅಂದಳೇ ಎಂದು ಕೇಳಿದರು. "ಏನೂ ಅಂದಿಲ್ರಿ. ಆರಾಮ ಅದಾಳ," ಎಂದೆ. ನಿಮ್ಮ ಮಂದಿಯೆಲ್ಲ ನನ್ನ ವಾರ್ಡಿನಿಂದ ತೊಲಗಿದರೆ ಸಾಕಾಗಿತ್ತು. ಅವರು ನನ್ನ ಮಾತು ನಂಬಿ ನಿನ್ನನ್ನು ಅತ್ತೆಯ ಜೊತೆ ಕಳಿಸಿಕೊಟ್ಟರು.

ಕೆಲವೇ ದಿನಗಳಲ್ಲಿ ನಿನ್ನನ್ನು ಮತ್ತೆ ತಂದಾಗ ಮಾಡುವುದೇನೂ ಉಳಿದಿರಲಿಲ್ಲ. ಡಾಕ್ಟರರು ಮಂಚದ ಪಕ್ಕದಲ್ಲೇ ಕುಸಿದು ಕೂತರು. "ತಪ್ಪು ನಂದ. ನಾನ ಕುಂತು ಕೇಳಬೇಕಿತ್ತು. ಕೇಳಿದ್ರ ಹೇಳತಿದ್ಳು," ಎಂದು ಅತ್ತರು. ನಾನು ನೀರು ತಂದುಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ — ಆಗ ಒಂದು ಮಾತು ಆಡಿದ್ದರೆ...

ಮುಂದೆ ಊರವರು ರೋಗಿಗಳ ಪಾಲಿಗೆ ನಾನು ಹೆತ್ತ ತಾಯಿಗಿಂತ ಹೆಚ್ಚು ಎಂದು ಹೊಗಳಿದರು. ಥೂ, ನನ್ನ ಜನ್ಮಕ್ಕೆ!

ಡಾಕ್ಟರರು ಈಗ ಮುಪ್ಪಿನಲ್ಲಿ ಬಸವನ ಬಾಗೇವಾಡಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಇಂದಿಗೂ ನಿನ್ನ ಹೆಸರು ತೆಗೆದು, ತಾವು ಕೇಳಲಿಲ್ಲ ಎಂದು ಕೊರಗುತ್ತಾರಂತೆ. ನಾಳೆ ಬಸ್ಸು ಹತ್ತುತ್ತೇನೆ. ಬೈಯಲಿ, ಮುಖಕ್ಕೆ ಉಗುಳಲಿ. ನೀನು ಬಾಯಿಬಿಟ್ಟು ಹೇಳಿದ್ದೆ, ಹೇಳಿದ್ದು ನನಗೆ — ಇದನ್ನು ಅವರು ಕಣ್ಣು ಮುಚ್ಚುವ ಮೊದಲು ಕೇಳಬೇಕು.