ಬೀಗರ ಹಿರೀಕನಿಗೆ ಇಟ್ಟ ಎಡೆ

ಹೋದ ವರ್ಷದ ಮಹಾಲಯ ಅಮಾವಾಸ್ಯೆಯಲ್ಲಿ ನಾನು ಮಾಡಿದ ತಪ್ಪನ್ನು ನೆನೆದರೆ ಈಗಲೂ ಎದ್ದು ಹೋಗಿ ಬಾಯಿ ಮುಕ್ಕಳಿಸುತ್ತೇನೆ.

ನಮ್ಮ ಮಂಡ್ಯದ ಕಡೆ ಆ ದಿನ ಸತ್ತವರ ಫೋಟೊ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಬಾಗಿಲು ಮುಚ್ಚಿ, ಅವರು ಉಂಡರು ಅಂದುಕೊಂಡ ಮೇಲೆ, ಅದೇ ಎಲೆಯದನ್ನು ಮನೆಯವರು ತಿನ್ನುತ್ತೇವೆ. ಸ್ಯಾನ್ ಹೊಸೆಯ ಮಗಳ ಮನೆಯಲ್ಲೂ ಇದನ್ನು ಬಿಟ್ಟಿಲ್ಲ. ಅಳಿಯ ಅಮೆರಿಕದವನು. ಅವನ ಕಡೆಯವರು ಮಾತ್ರ ಯಾಕೆ ಉಪವಾಸ ಇರಬೇಕು ಎಂದು, ಬೀಗಿತ್ತಿ ಮಗಳ ಮನೆಯ ಹಾಲ್‌ನಲ್ಲಿ ಹೆಮ್ಮೆಯಿಂದ ತೂಗುಹಾಕಿಸಿದ್ದ ಅವರ ಮುತ್ತಜ್ಜನ ಅಪ್ಪನ ಫೋಟೊ ಇಳಿಸಿ ನಮ್ಮ ಯಜಮಾನರ ಪಕ್ಕ ಇಟ್ಟೆ. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಗೆ ಬಂದು ಜಮೀನು ಮಾಡಿದವನಂತೆ. ಗಡ್ಡ ನೋಡಿ ವಿಸ್ಕಿಯನ್ನೂ ಇಟ್ಟೆ. ಅವನ ಎಲೆಯ ಕೈಮ ಉಂಡೆಯನ್ನು ನಾನೇ ತಿಂದೆ.

ಈ ವರ್ಷ ಹನ್ನೆರಡರ ಮೊಮ್ಮಗಳಿಗೆ ಸ್ಕೂಲಿನಲ್ಲಿ ಮನೆತನದ ಪೋಸ್ಟರ್ ಮಾಡಲು ಹೇಳಿದರು. ಆ ಗಡ್ಡದವನ ಮನೆಯ ಹಳೆಯ ಜನಗಣತಿಯ ಹಾಳೆಯೊಂದನ್ನು ಹುಡುಕಿ ನನ್ನ ಫೋನಿಗೆ ಕಳಿಸಿದಳು.

“ಅಜ್ಜಿ, ಲುಕ್. ವೈಫು, ನಾಲ್ಕು ಕಿಡ್ಸು. ಲಾಸ್ಟ್ ಲೈನ್ ಯಾರು?”

ಎರಡು ಬೆರಳಲ್ಲಿ ಹಿಗ್ಗಿಸಿದೆ. ಹೆಸರಿನ ಜಾಗದಲ್ಲಿ ಬರೀ ‘ಹುಡುಗಿ’. ವಯಸ್ಸು ಎಂಟು. ಮನೆಗೆಲಸದವಳು. ಇಲ್ಲಿನ ಮೂಲನಿವಾಸಿಗಳ ಮಗು. ಮೊಮ್ಮಗಳು ಇನ್ನೂ ಕೆದಕಿದಾಗ ಕೋರ್ಟಿನ ಕಾಗದ ಸಿಕ್ಕಿತು: ದೊಡ್ಡವಳಾಗುವ ತನಕ ಸಂಬಳವಿಲ್ಲದೆ ಅವನ ಮನೆಯಲ್ಲಿ ದುಡಿಯಬೇಕು. ಅಪ್ಪ ಅಮ್ಮನ ಜಾಗ ಖಾಲಿ. ಕೆಳಗೆ ಮಾತ್ರ ಬಳ್ಳಿಯ ಹಾಗೆ ಸುತ್ತಿಸುತ್ತಿ ಹಾಕಿದ ಅವನ ರುಜು.

“ದಟ್ಸ್ ಡಿಸ್ಗಸ್ಟಿಂಗ್, ಅಜ್ಜಿ.”

“ಥೂ! ಅವ್ನ ಎಲೆ ಊಟ ತಿಂದಿದೀನಲ್ಲೇ!”

“ವಿಸ್ಕಿನೂ ಕೊಟ್ಟೆ ನೀನು.”

“ನೆನಪಿಸ್ಬೇಡ, ಹೋಗೇ.”

ಭಾನುವಾರ ಹೇವರ್ಡ್‌ನಿಂದ ಬೀಗಿತ್ತಿ ಬಂದರು. ಪೋಸ್ಟರಿನಲ್ಲಿ ಗಡ್ಡದವನ ಫೋಟೊದ ಕೆಳಗೆ ಮೊಮ್ಮಗಳು ಬರೆದಿದ್ದ ‘ಹುಡುಗಿ, ಎಂಟು ವರ್ಷ, ಸಂಬಳವಿಲ್ಲ’ ಎಂಬ ಕೊನೆಯ ಸಾಲು ಓದಿ ಅವರ ಮುಖ ಕೆಂಪಾಯಿತು. ನನ್ನ ಕಿವಿಗೆ ಸಿಗದಷ್ಟು ಬಿರುಸಾದ ಅವರ ಇಂಗ್ಲಿಷನ್ನು ಮೊಮ್ಮಗಳು ನನಗೆ ದಾಟಿಸಿದಳು: “ಆ ಹುಡುಗಿ ಲೈನ್ ತೆಗಿಬೇಕಂತೆ. ಮಗಳ ಥರ ನೋಡ್ಕೊಂಡ್ರಂತೆ.”

ಕೋರ್ಟಿನ ಕಾಗದಕ್ಕಿಂತ ಈ ಮಾತಿಗೇ ನನಗೆ ಹೆಚ್ಚು ಅಸಹ್ಯವಾಯಿತು.

“ಮಗಳ ಥರ ಅಂದ್ರೆ ಹೆಸರೇನಂತೆ, ಕೇಳೇ.”

ಬೀಗಿತ್ತಿಗೆ ಗೊತ್ತಿರಲಿಲ್ಲ. ಆ ಮನೆಯ ಕುದುರೆಯ ಹೆಸರು ಮಾತ್ರ ಅವರಿಗೆ ಬಾಯಿಪಾಠ.

ಆ ಸಾಲು ಇದ್ದರೆ ತಮ್ಮ ಹಿರಿಯರ ಫೋಟೊ ಆ ಪೋಸ್ಟರಿನಲ್ಲಿ ಇರಕೂಡದು ಅಂದರು. ಮೊಮ್ಮಗಳು ಮಾರ್ಕರ್ ಹಿಡಿದು ಇಬ್ಬರು ಅಜ್ಜಿಯರ ಮುಖ ನೋಡಿದಳು. ಆ ಮಗುವನ್ನು ಇವಳೂ ಅಳಿಸಿಬಿಟ್ಟರೆ ಎಂದು ನನಗೆ ಹೆದರಿಕೆಯಾಯಿತು. ಆದರೂ ಬಾಯಿ ಬಿಗಿಹಿಡಿದೆ. ನನ್ನಂಥವಳಿಗೆ ಅದು ಸುಲಭವಲ್ಲ.

ಅವಳು ಮಾರ್ಕರ್ ಮುಚ್ಚಿದಳು. ಗಡ್ಡದವನ ಫೋಟೊದ ಪ್ರತಿಯನ್ನು ಪೋಸ್ಟರಿನಿಂದ ಕಿತ್ತು ಬೀಗಿತ್ತಿಯ ಕೈಗಿಟ್ಟಳು. ಅಂಟು ಹರಿದ ಚೌಕದ ಕೆಳಗೆ ಆ ಸಾಲು ಹಾಗೇ ಉಳಿಯಿತು. ಬೀಗಿತ್ತಿ ಕಾಫಿ ಕುಡಿಯದೆ ಹೊರಟರು.

ಮತ್ತೆ ಅಮಾವಾಸ್ಯೆ ಬಂತು. ಗ್ರೋಸರಿಯ ಫ್ರೋಜನ್ ಬಾಳೆ ಎಲೆಯಲ್ಲಿ ಹರಿಯದ ಒಂದನ್ನು ಆರಿಸಿ ಆ ಮಗುವಿಗೆ ಹಾಕಿದೆ. ಏನು ಇಷ್ಟವೋ ಯಾರಿಗೆ ಗೊತ್ತು? ಎಲ್ಲವನ್ನೂ ಬಡಿಸಿ, ಮೊಮ್ಮಗಳ ಮಾತಿಗೆ ಚಾಕಲೇಟನ್ನೂ ಇಟ್ಟೆ.

“ಅಜ್ಜಿ, ಅವ್ನಿಗೆ?”

ಗೋಡೆಯ ಮೇಲಿನ ಫೋಟೊ ಇಳಿಸಿದೆ. ಎಲೆಯ ಮುಂದೆ ಇಡಲಿಲ್ಲ. ಸಾರಿನ ಪಾತ್ರೆಯ ಪಕ್ಕ ನಿಲ್ಲಿಸಿ, ಮುಂದೆ ಒಂದು ಸೌಟು ಇಟ್ಟೆ.

“ಇವತ್ತು ಬಡಿಸೋನು ಅವ್ನೇ,” ಎಂದು ಬಾಗಿಲು ಮುಚ್ಚಿದೆ.