ಹೊರಗಿನ ಚಿಲಕ

ಆ ದಿನ ಮಾಡಿದ ಕೆಲಸಗಳನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ದೋಸೆಗೆ ನೆನೆಹಾಕಿದೆ. ಎರಡು ಲೋಡ್ ಬಟ್ಟೆ ಒಗೆದು ಮಡಿಸಿದೆ. ಬಿಸಿಲು ಚೆನ್ನಾಗಿದೆಯೆಂದು ಕರಿಬೇವಿನ ಕುಂಡವನ್ನು ಹೊರಗಿಟ್ಟೆ. ಸಂಜೆ ಹಿಟ್ಟು ರುಬ್ಬಿ, ದೇವರಿಗೆ ದೀಪ ಹಚ್ಚಿದೆ. ಇಷ್ಟೆಲ್ಲ ಯಾಕೆಂದರೆ, ಕೇಳಿದವರೆಲ್ಲ ನನಗೆ ಜ್ವರವಿತ್ತೇನೋ ಎನ್ನುತ್ತಾರೆ. ಜ್ವರವಿರಲಿಲ್ಲ, ನಿದ್ದೆಗಣ್ಣೂ ಅಲ್ಲ. ನಡೆದದ್ದನ್ನೇ ಹೇಳುತ್ತಿದ್ದೇನೆ.

ಆಗ ನಾವು ಹಿಮ ಬೀಳುವ ಮಿನೆಸೋಟಾ ಬಿಟ್ಟು, ದಕ್ಷಿಣದ ಬಿಸಿಲೂರು ಲಿಟಲ್ ಎಲ್ಮ್‌ಗೆ ಹೊಸದಾಗಿ ಬಂದಿದ್ದೆವು. ಮಿನೆಸೋಟಾದಲ್ಲಿದ್ದಾಗ ನನ್ನ ಗಂಡನಿಗೆ ಒಂದು ಹುಚ್ಚು ಅಂಟಿತ್ತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಗೂಡಿನಂಥ ಕೋಣೆ ಇಟ್ಟುಕೊಂಡು, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟು ಕೂರುವುದು. ಆ ಚಳಿಗಾಲ ಅಲ್ಲಿನ ಹಳೆಯ ಸ್ನೇಹಿತರು ಕರೆದರೆಂದು ನಮ್ಮ ಗ್ಯಾರೇಜಿನಲ್ಲೇ ಅಂಥ ಕೋಣೆ ಕಟ್ಟತೊಡಗಿದರು. ಶನಿವಾರ ಅದನ್ನು ಟ್ರೇಲರಿಗೆ ಹೇರಿ, ಮಗಳನ್ನೂ ಕರೆದುಕೊಂಡು ಹೊರಡುವುದೆಂದು ಗೊತ್ತಾಗಿತ್ತು. ಅವಳು ಆ ಕೋಣೆಯೊಳಗೆ ಕೂರುವುದು ನನಗೇಕೋ ಮೊದಲಿನಿಂದಲೂ ಇಷ್ಟವಿರಲಿಲ್ಲ.

“ಮೀನು ತಿನ್ನದೋರಿಗೆ ಮೀನು ಹಿಡಿಯೋ ಮನೆ ಬೇರೆ ಕೇಡು,” ಎಂದು ರೇಗಿಸುತ್ತಲೇ ನಾನೂ ಕೈಹಾಕಿದೆ. ಗೋಡೆ, ನೆಲ ಎಲ್ಲ ಪ್ಲೈವುಡ್. ನೆಲದ ನಡುವೆ ಗಾಳಕ್ಕೆಂದು ಬಕೆಟ್ ಬಾಯಿಯಷ್ಟು ಅಗಲದ ತೂತು. ಬೆಚ್ಚಗಿರಲೆಂದು ಸೋನಾ ಮಸೂರಿಯ ಖಾಲಿ ಚೀಲಗಳಿಗೆ ಹಳೆಯ ರಜಾಯಿ ತುಂಬಿ ಹೊಲಿದುಕೊಟ್ಟೆ. ಅವನ್ನು ಗೋಡೆಗೆ ಬಡಿದರು. ಬಾಗಿಲಿಗೆ ಮೈಸೂರಿನಿಂದ ತಂದ ಕಬ್ಬಿಣದ ಚಿಲಕ, ಅದೂ ಹೊರಗಡೆಗೆ. ನಮ್ಮ ಕಡೆ ಯಾವ ಕೋಣೆಗೆ ಹೊರಚಿಲಕವಿಲ್ಲ, ಹೇಳಿ? ಇಬ್ಬರಿಗೂ ತಪ್ಪೆಂದು ಹೊಳೆಯಲಿಲ್ಲ. ಒಳಚಿಲಕ ನಾಳೆ ಹಾಕೋಣ ಎಂದರು.

ಕತ್ತಲಾಗುವ ಹೊತ್ತಿಗೆ ಅಪ್ಪ, ಮಗಳು ದಪ್ಪ ಜಾಕೆಟ್ ತರಲು ಕಾರಿನಲ್ಲಿ ಅಂಗಡಿಗೆ ಹೋದರು. ಉಳಿದ ಒಂದು ಚೀಲವನ್ನು ಬಡಿದುಬಿಡೋಣವೆಂದು ಆ ಕೋಣೆಯೊಳಗೆ ಹೊಕ್ಕೆ. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಗ್ಯಾರೇಜಿನ ದೀಪ ಸ್ವಲ್ಪ ಹೊತ್ತಿಗೆ ತಾನಾಗಿ ಆರುವಂಥದ್ದು. ಆರಿತು.

ಹಿಂದೆಯೇ ಬಾಗಿಲು ಮೆಲ್ಲನೆ ಮುಚ್ಚಿತು... ಆಮೇಲೆ ಕಬ್ಬಿಣ ಜಾರಿದ ಸದ್ದು. ಕಿರ್ರ್... ಟಕ್.

“ರೀ, ತಮಾಷೆ ಸಾಕು. ತೆಗೀರಿ.”

ಬಾಗಿಲಿಗೆ ಕಿವಿಯಿಟ್ಟೆ. ಉಸಿರಾಟದ ಸದ್ದೂ ಇಲ್ಲ. ಭುಜ ಕೊಟ್ಟು ನೂಕಿದೆ. ಇವರ ಕೆಲಸ ಗಟ್ಟಿ, ಅಲುಗಲಿಲ್ಲ. ಕೂಗಿದರೆ ನಾನೇ ಹೊಲಿದ ಚೀಲಗಳು ಕೂಗನ್ನು ನುಂಗಿದವು.

ಆಗ ವಾಸನೆ ಬಂತು... ಪಾಚಿ, ಹಸಿ ಮೀನು. ಪಾದಕ್ಕೆ ತಣ್ಣನೆ ಗಾಳಿ ತಾಕಿತು. ಅದು ನೆಲದ ತೂತಿನಿಂದ ಬರುತ್ತಿತ್ತು. ತೂತಿನ ಕೆಳಗೆ ಗ್ಯಾರೇಜಿನ ಸಿಮೆಂಟಲ್ಲದೆ ಇನ್ನೇನಿದ್ದೀತು? ಬಗ್ಗಿ ಕೈಯಿಟ್ಟೆ. ಸಿಮೆಂಟ್ ಸಿಗಲಿಲ್ಲ. ಮೊಣಕೈವರೆಗೂ ಇಳಿಯಿತು... ನೀರು. ಕೊರೆಯುವ ನೀರು.

ಕೈ ಕಿತ್ತುಕೊಂಡು ಬಾಗಿಲ ಪಕ್ಕದ ಮೂಲೆಗೆ ಒರಗಿ ಬಾಗಿಲು ಬಡಿಯತೊಡಗಿದೆ. ನಾನು ನಿಲ್ಲಿಸಿದಾಗ ಅದೇ ಲೆಕ್ಕದಲ್ಲಿ ಬಡಿತ ಮರಳಿ ಕೇಳಿಸಿತು... ಕೆಳಗಿನಿಂದ. ಆಮೇಲೆ ನಾನು ಬಡಿಯಲಿಲ್ಲ. ಅದು ನಿಲ್ಲಿಸಲಿಲ್ಲ.

ಎಷ್ಟು ಹೊತ್ತೋ ತಿಳಿಯದು. ಗ್ಯಾರೇಜಿನ ದೊಡ್ಡ ಬಾಗಿಲು ಏಳುವ ಸದ್ದಾದೊಡನೆ ಬಡಿತ ನಿಂತಿತು. ಇವರು ಬಿಗಿದುಹೋಗಿದ್ದ ಚಿಲಕವನ್ನು ಸುತ್ತಿಗೆಯಿಂದ ಹೊಡೆದು ಸರಿಸಿದರು. “ಹೊರಗಡೆಯಿಂದ ಹಾಕಿದ್ಯಾರೇ?” ಎಂದರು. ನಾನು ಎಲ್ಲ ಹೇಳಿದೆ. ನಕ್ಕರು. ಬಾಗಿಲು ತಾನಾಗಿ ಬಡಿದು ಚಿಲಕ ಜಾರಿದೆ, ನೀನೊಬ್ಬಳು ಪುಕ್ಕಲಿ ಎಂದರು.

ಮಗಳು ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. “ಅಮ್ಮಾ, ವೈ ಈಸ್ ಯುವರ್ ಸ್ಲೀವ್ ವೆಟ್?”

ಇವರು ಟಾರ್ಚ್ ಹಿಡಿದು ಒಳಗೆ ಹೋದರು. ತೂತಿನ ಬಳಿ ಕುಕ್ಕರಗಾಲಲ್ಲಿ ಕೂತದ್ದು ಕಾಣಿಸಿತು. ಬಹಳ ಹೊತ್ತು ಏಳಲಿಲ್ಲ. ಹೊರಬಂದವರು ಬಾಗಿಲು ಮುಚ್ಚಿ, ತಾವೇ ಚಿಲಕ ಹಾಕಿ, ಸಿಂಕಿನಲ್ಲಿ ಸೋಪು ಹಚ್ಚಿ ಹಚ್ಚಿ ಕೈ ತೊಳೆದರು. ಏನಿತ್ತು ಎಂದರೆ, “ಸಿಮೆಂಟು,” ಎಂದರು. ಆಮೇಲೆ ಮಗಳ ಕಡೆ ತಿರುಗಿ, “ಈ ಸಲ ಬೇಡ ಪುಟ್ಟಿ,” ಎಂದರು. ಅವರೂ ಹೋಗಲಿಲ್ಲ. ಕೋಣೆಯನ್ನು ಮರುದಿನವೇ ಬಿಚ್ಚಿದರು. ಕೆಳಗಿದ್ದದ್ದು ಒಣ ಸಿಮೆಂಟೇ. ಅಂದು ಕಂಡದ್ದೇನೆಂದು ಇವತ್ತಿಗೂ ಬಾಯಿಬಿಟ್ಟಿಲ್ಲ.

ಆ ರಾತ್ರಿ ಮೊಸರನ್ನ, ಉಪ್ಪಿನಕಾಯಿ ತಿಂದೆವು. ಮೊದಲು ನಿದ್ದೆಹೋದದ್ದು ಮಗಳು, ನನ್ನ ಒಣಗಿದ ತೋಳು ಹಿಡಿದುಕೊಂಡು. ಬೆಳಗಿನ ಜಾವ ನನಗೂ ಕಣ್ಣು ಹತ್ತಿತು. ನನ್ನನ್ನು ಪುಕ್ಕಲಿ ಎಂದವರು ಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆ ಕೂತೇ ಇದ್ದರು.